ಮಂಗಳ ಹಾಡದ ಬಾಯಾರು: ಶ್ರೀಮತಿ ವಿಮಲಾಬಾಯಿ ಸೊರಟೂರ

ಗದಗ ಸೀಮೆಯಲ್ಲಿ ಇತಿಹಾಸ ಕಲಿಸಿದ ಶಿಕ್ಷಕಿಯರಿಗೆ ಕೊರತೆಯಿಲ್ಲ; ಕಲಿಸಿದ್ದನ್ನು ನಾಲ್ಕು ಜನರ ಮುಂದೆ ಹಿಂದಕ್ಕೆ ತೆಗೆದುಕೊಂಡ ಶಿಕ್ಷಕಿ ಮಾತ್ರ, ಊರಿನವರಿಗೆ ತಿಳಿದ ಮಟ್ಟಿಗೆ, ಒಬ್ಬರೇ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಬೆಟಗೇರಿಗಳಲ್ಲಿ ಮೂರು ದಶಕಗಳಿಗೂ ಮೀರಿದ ಸೇವೆ ಸಲ್ಲಿಸಿ ಈ ವರ್ಷ ನಿವೃತ್ತರಾದ ಶ್ರೀಮತಿ ವಿಮಲಾಬಾಯಿ ಸೊರಟೂರ ಅವರನ್ನು, ಅಂದರೆ ಎಲ್ಲರ ‘ಬಾಯಾರ’ನ್ನು, ಅವರ ವಿದ್ಯಾರ್ಥಿನಿಯರು ಬಹಮನಿ ಸುಲ್ತಾನರ ವಂಶಾವಳಿಯೊಂದಿಗೆ ನೆನೆಯುತ್ತಾರೆ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳು ನೆನೆಯುವುದು ಮನುಷ್ಯನ ಮಿದುಳಿನೊಂದಿಗೆ. ಮಿದುಳು ಬಾಯಾರ ವಿಷಯವಾಗಿರಲಿಲ್ಲ. ಅದು ಅವರ ವಿಷಯವಾದದ್ದು ಒಂದು ತಪ್ಪಿನಿಂದ. ಈ ಅಭಿನಂದನ ಗ್ರಂಥದಲ್ಲಿ ತಪ್ಪಿನ ಪ್ರಸ್ತಾಪ ಬೇಡವೆಂದು ಹಿರಿಯರೊಬ್ಬರು ಸೂಚಿಸಿದರು. ಆದರೆ ಈ ತಪ್ಪನ್ನು ಬಿಟ್ಟರೆ ಉಳಿಯುವುದು ಬಹಮನಿ ಸುಲ್ತಾನರು ಮಾತ್ರ.

ಬಾಯಾರು ಹುಟ್ಟಿದ್ದು ಸೊರಟೂರಿನ ಪುರಾಣಿಕರ ಮನೆಯಲ್ಲಿ. ತಂದೆಯವರು ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಕೊನೆಯ ದಿನ ಮಂಗಳ ಹಾಡಿ, ಆರತಿ ಎತ್ತಿ, ಪುಠಾಣಿ-ಸಕ್ಕರೆ ಹಂಚುವುದು. ಆ ಮನೆಗೆ ಎರಡು ನಿಯಮಗಳಿದ್ದವು. ಮಂಗಳವಾದ ಮೇಲೆ ಯಾರೂ ಪ್ರಶ್ನೆ ಕೇಳಬಾರದು, ಇದು ಒಂದು. ಹೇಳಿದ ಅರ್ಥ ತಪ್ಪೆಂದು ಆಮೇಲೆ ತಿಳಿದರೆ, ಅದೇ ಜಾಗದಲ್ಲಿ ಕುಳಿತು, ಅದೇ ಕೇಳುಗರನ್ನು ಕರೆಸಿ, ಮೊದಲಿನಿಂದ ಓದಬೇಕು, ಇದು ಇನ್ನೊಂದು. ಮೊದಲನೆಯದು ಕೇಳುಗರಿಗಾಗಿ, ಎರಡನೆಯದು ಪುರಾಣಿಕರಿಗಾಗಿ; ಆದ್ದರಿಂದ ಮೊದಲನೆಯದು ಎಲ್ಲರಿಗೂ ಗೊತ್ತಿತ್ತು, ಎರಡನೆಯದು ಮನೆಯೊಳಗೇ ಉಳಿದಿತ್ತು.

ನೌಕರಿಯ ಆರಂಭದ ವರ್ಷಗಳು ಶಿರಹಟ್ಟಿಯಲ್ಲಿ ಕಳೆದವು. ಅಲ್ಲಿ ತಾರಾಬಾಯಿ ಎಂಬ ಚುರುಕು ಹುಡುಗಿಯನ್ನು ಏಳನೆಯ ಇಯತ್ತೆಗೇ ಶಾಲೆ ಬಿಡಿಸಲು ಹೊರಟ ತಂದೆಯ ಮನೆಗೆ ಬಾಯಾರು ಮೂರು ಸಂಜೆ ಸತತವಾಗಿ ಹೋದರು. ವಾದವನ್ನೇನೂ ಮಾಡಲಿಲ್ಲ; ಪಡಸಾಲೆಯಲ್ಲಿ ಸುಮ್ಮನೆ ಕುಳಿತರು. ಮೂರನೆಯ ಸಂಜೆ ಆ ಗೃಹಸ್ಥರು, “ನೀವು ಹಿಂಗ ದಿನಾ ಬಂದು ಕೂತ್ರ ಚಹಾದ ಖರ್ಚಿಗಿಂತ ಶಾಲಿ ಖರ್ಚ ಸೋವಿ ಬೀಳ್ತದ” ಎಂದು ಒಪ್ಪಿಕೊಂಡರು. ತಾರಾಬಾಯಿ ಮ್ಯಾಟ್ರಿಕ್ ಮುಗಿಸಿ ಲಕ್ಷ್ಮೇಶ್ವರದ ಒಂದು ಅರ್ಚಕ ಮನೆತನಕ್ಕೆ ಸೊಸೆಯಾಗಿ ಹೋದರು. ಕೆಲವು ವರ್ಷಗಳಲ್ಲಿ ಬಾಯಾರಿಗೂ ಲಕ್ಷ್ಮೇಶ್ವರದ ಹೈಸ್ಕೂಲಿಗೇ ವರ್ಗವಾಯಿತು. ತಾರಾಬಾಯಿಯ ಗಂಡ ದತ್ತಾತ್ರಿ ಕಚೇರಿಯ ಕಾರಕೂನ, ಮಾವ ಓಣಿಯ ನಾರಾಯಣ ದೇವರ ಪೂಜಾರಿ, ಮನೆಯ ಆಡಳಿತ ಅತ್ತೆ ಪದ್ಮಾಬಾಯಿಯವರದು. ಸುಮಿತ್ರಾ ಎಂಬ ಮಗಳು ಹುಟ್ಟಿದಳು, ಅನಂತರ ಶ್ರೀಪಾದ.

ಶ್ರೀಪಾದನಿಗೆ ಐದು ತುಂಬುತ್ತ ಬಂದರೂ ಮಾತು ಬರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಹಿಟ್ಟಿನ ಗಿರಣಿಯ ಪಟ್ಟೆ ತಿರುಗುವುದನ್ನು ನೋಡುತ್ತ ಮಧ್ಯಾಹ್ನವೆಲ್ಲ ನಿಲ್ಲುತ್ತಿದ್ದ. ಆರತಿಯ ಜಾಗಟೆ ಬಾರಿಸಿದರೆ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು, ಊರು ಕೇಳುವಂತೆ ಚೀರಿ ಓಡುತ್ತಿದ್ದ. ಪೂಜಾರಿಗಳ ಮೊಮ್ಮಗ ದೇವರ ಜಾಗಟೆಗೆ ಓಡಿಹೋಗುವುದೆಂದರೆ ಓಣಿಗೆ ಅದಕ್ಕಿಂತ ರುಚಿಯಾದ ಸುದ್ದಿ ಬೇರೆ ಬೇಕೆ? ಅಂತ್ರ, ತಾಯಿತ, ಹರಕೆ ಎಲ್ಲ ಆದವು.

ಆಗ ಊರಿನಲ್ಲಿ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರ್ ಮಾರ್ತಾಂಡರಾಯರು ಮುಂಬಯಿಯಿಂದ ಒಂದು ದಪ್ಪ ಪುಸ್ತಕ ತರಿಸಿದರು. ಹುಡುಗನ ಲಕ್ಷಣಗಳೆಲ್ಲ ಅದರಲ್ಲಿದ್ದವು. ಹೆಸರೂ ಇತ್ತು: ಆಟಿಸಂ. ಬಾಯಾರ ಸಂತೋಷಕ್ಕೆ ಪಾರವಿರಲಿಲ್ಲ. ಮಹಿಳಾ ಮಂಡಳಿಯಲ್ಲಿ ಶ್ರಾವಣದ ರವಿವಾರಗಳಂದು ‘ಮಕ್ಕಳ ಮನಸ್ಸು’ ಎಂಬ ಉಪನ್ಯಾಸಮಾಲೆಯನ್ನು ಅವರು ಪುರಾಣದ ಕ್ರಮದಲ್ಲೇ ಹಚ್ಚಿದರು. ಡಾಕ್ಟರು ಇಂಗ್ಲಿಷ್ ಓದುವುದು, ಬಾಯಾರು ಕನ್ನಡದಲ್ಲಿ ಅರ್ಥ ಹೇಳುವುದು. ಕೊನೆಯ ರವಿವಾರ ಆಟಿಸಂ ಅಧ್ಯಾಯ. ತಾಯಿಯ ಪ್ರೀತಿ ತಣ್ಣಗಿದ್ದರೆ ಮಗು ತನ್ನೊಳಗೆ ತಾನು ಬಾಗಿಲು ಹಾಕಿಕೊಳ್ಳುತ್ತದೆ ಎಂದು ಆ ಗ್ರಂಥಕರ್ತರು ಬರೆದಿದ್ದರು. ಆ ಕಾಲದಲ್ಲಿ ದೊಡ್ಡ ದೊಡ್ಡ ಪಂಡಿತರು ಅದನ್ನೇ ನಂಬಿದ್ದರು. ಬಾಯಾರು ಅದಕ್ಕೆ ಸೊಗಸಾದ ಅರ್ಥ ಹೇಳಿದರು. ಉಡಿಯ ಬಿಸುಪು, ಬಾಗಿಲು, ಅಗುಳಿ, ಎಲ್ಲ ಬಂತು. ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ಬಾಯಾರು ಪುಸ್ತಕ ಮುಚ್ಚಿ, ಅಭ್ಯಾಸಬಲದಿಂದ ಮಂಗಳ ಹಾಡಿ, ಆರತಿ ಎತ್ತಿದರು. ಉಪನ್ಯಾಸಕ್ಕೆ ಮಂಗಳ ಹಾಡುವ ಪದ್ಧತಿ ಲಂಡನ್ನಿನಲ್ಲೂ ಇಲ್ಲ, ಲಕ್ಷ್ಮೇಶ್ವರದಲ್ಲೂ ಇರಲಿಲ್ಲ. ಬಾಯಾರ ಕಂಠ ಚೆನ್ನಾಗಿದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ.

ಆರತಿ ತಿರುಗುತ್ತಿರುವಾಗ ತಾರಾಬಾಯಿ ಎದ್ದು ನಿಂತರು.

“ಬಾಯಾರ, ನನ್ನ ಸುಮಿ ಸುದ್ದಾ ಇದ ಉಡಿಯೊಳಗ ಬೆಳದಾಳಲ್ಲರಿ? ಆಕಿ ಬಾಯಿ ಮುಚ್ಚಂಗಿಲ್ಲ. ಇವಗಷ್ಟ ಉಡಿ ಹೆಂಗ ತಣ್ಣಗಾತು?”

“ಮಂಗಳ ಆತಲ್ಲ ತಾರಾ, ಇನ್ನ ಪ್ರಶ್ನಿ ಇಲ್ಲ” ಎಂದರು ಪದ್ಮಾಬಾಯಿ. “ಏಳು, ಪ್ರಸಾದ ಹಂಚು.”

ನಿಯಮ ಪದ್ಮಾಬಾಯಿಯವರ ಕಡೆಗಿತ್ತು. ಬಾಯಾರು ಏನೋ ಹೇಳಬೇಕೆಂದು ಬಾಯಿ ತೆರೆದರು, ಯಾರೋ ಕೈಯಲ್ಲಿ ಪುಠಾಣಿ-ಸಕ್ಕರೆ ಇಟ್ಟರು, ತಿಂದರು.

ಪದ್ಮಾಬಾಯಿ ಕೆಟ್ಟವರಲ್ಲ. ಮೊಮ್ಮಗನಿಗಾಗಿ ಉಪವಾಸ ಹಿಡಿದು ಸೊರಗಿದವರು. ತಾಯಿಯ ಉಡಿಯೇ ಮುಳುವೆಂದು ಶಾಸ್ತ್ರ ಹೇಳಿದ ಮೇಲೆ ಮಗುವನ್ನು ಆ ಉಡಿಯಲ್ಲಿ ಬಿಡುವುದು ಅವರಿಗೆ ಪಾಪವೆನಿಸಿತು. ದೀಪಾವಳಿ ಮುಗಿದೊಡನೆ ಶ್ರೀಪಾದನನ್ನು ಮುಂಡರಗಿಗೆ, ದತ್ತಾತ್ರಿಯ ಅಕ್ಕ ಸರಸ್ವತಿಬಾಯಿಯ ಮನೆಗೆ ಕಳಿಸಿದರು. ಹಬ್ಬಕ್ಕೊಮ್ಮೆ ತಾಯಿ ಹೋಗಿ ನೋಡಬಹುದು; ಎತ್ತಿಕೊಳ್ಳುವುದು ಬೇಡ. ತಾರಾಬಾಯಿ ಬಸ್ಸಿನವರೆಗೂ ಮಗನ ಅಂಗಿಗಳ ಗಂಟು ಹೊತ್ತು ಬಂದರು. ಅರ್ಥ ಹೇಳಿದವರು ಅವರ ಗುರುಗಳೇ.

ಇದಾಗಿ ಎರಡು ವರ್ಷಕ್ಕೆ ಬಾಯಾರಿಗೆ ಮುಂಡರಗಿಗೆ ವರ್ಗವಾಯಿತು. ವರ್ಗಾವಣೆಯ ಆದೇಶ ಹೊರಡಿಸಿದ ಸಾಹೇಬರಿಗೆ ತಾವು ಯಾವ ಶಾಸ್ತ್ರಕ್ಕೆ ಉಪಕಾರ ಮಾಡುತ್ತಿದ್ದೇವೆಂಬ ಅರಿವು ಇದ್ದಿರಲಾರದು. ಸರಸ್ವತಿಬಾಯಿಯ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇತ್ತು. ಬಿಸಿ ಉಡಿ ಎಂದು ಆರಿಸಿ ಕಳಿಸಿದ್ದ ಉಡಿ ಅದು. ಆಕೆ ಮಗುವನ್ನು ಹೂವಿನಂತೆ ನೋಡಿಕೊಂಡಿದ್ದರು. ಹುಡುಗ ಮಾತ್ರ ಇದ್ದ ಹಾಗೇ ಇದ್ದ. ಇಲ್ಲಿಯೂ ಒಂದು ಗಿರಣಿ ಹುಡುಕಿಕೊಂಡಿದ್ದ.

ಎಪ್ಪತ್ತೇಳನೆಯ ಇಸವಿಯ ನಾಗರಪಂಚಮಿಗೆ ತಾರಾಬಾಯಿ ಬಂದರು. ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಹಬ್ಬಕ್ಕೆ ಈಕೆ ತವರು ಬಿಟ್ಟು ಮುಂಡರಗಿಯ ಬಸ್ಸು ಹತ್ತಿದ್ದರು. ಬಾಯಾರು ಆಗ ಸರಸ್ವತಿಬಾಯಿಯ ಪಡಸಾಲೆಯಲ್ಲೇ ಕುಳಿತಿದ್ದರು. ಮಗ ತಾಯಿಯ ಮುಖ ನೋಡಲಿಲ್ಲ. ಗೋಡೆಯ ಕಡೆ ತಿರುಗಿದವನು ಹಾಗೆಯೇ ಹಿಂದಕ್ಕೆ ಹೆಜ್ಜೆಯಿಡುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು, ಕುಳಿತಿದ್ದ ತಾಯಿಗೆ ಬೆನ್ನು ಆನಿಸಿ ನಿಂತುಬಿಟ್ಟ. ತಾಯಿ ಕೈ ಎತ್ತಲಿಲ್ಲ, ಎತ್ತಬಾರದೆಂದು ಹೇಳಿದ್ದರು.

“ನೋಡ್ರಿ ಬಾಯಾರ, ಹೆತ್ತಾಕಿಗೆ ಹೆಂಗ ಬೆನ್ನು ತೋರಸ್ತಾನ” ಎಂದರು ಸರಸ್ವತಿಬಾಯಿ, ಮರುಗುತ್ತ.

ಬಾಯಾರು ಕೇಳಿದರು: “ನಿಮಗ ಎಂದಾದ್ರೂ ಹಿಂಗ ಬಂದು ಆನಿಕೊಂಡಾನೇನ್ರಿ?”

“ನನಗ? ಇಲ್ಲವಾ. ಯಾರಿಗೂ ಇಲ್ಲ. ಇಷ್ಟು ಮಾಡ್ತೀನಿ, ಒಂದು ದಿನ ಹತ್ತರ ಬಂದಿಲ್ಲ.”

ಪುರಾಣಿಕರ ಮಗಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಪಾಠ ಕಣ್ಣೆದುರಿಗಿತ್ತು, ಅರ್ಥ ಹೇಳಿದವರು ತಪ್ಪಿದ್ದರು.

ಮರುವಾರವೇ ಅವರು ಮಾರ್ತಾಂಡರಾಯರ ದವಾಖಾನೆಯಲ್ಲಿದ್ದರು. “ಪುಸ್ತಕ ತರಿಸಿದವ ನಾನು, ದೋಷ ನಂದು” ಎಂದರು ಡಾಕ್ಟರು. “ಇಂಗ್ಲಿಷ್ ನಿಮ್ಮದು. ಅರ್ಥ ನಂದು” ಎಂದರು ಬಾಯಾರು, “ನಿಮ್ಮ ಪಾಲು ನೀವು ಸರಿಯಾಗೇ ಓದೀರಿ.” ಅಂದಿನಿಂದ ಒಬ್ಬ ಇತಿಹಾಸ ಶಿಕ್ಷಕಿಯ ವೈದ್ಯಕೀಯ ವಿದ್ಯಾಭ್ಯಾಸ ಮೊದಲಾಯಿತು. ಡಾಕ್ಟರು ಹುಬ್ಬಳ್ಳಿಯ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ ಹೊಸ ಲೇಖನಗಳನ್ನು ತಮ್ಮ ಕೈಬರಹದಲ್ಲಿ ಇಳಿಸಿಕೊಂಡು ಬರುವುದು. ಡಾಕ್ಟರರ ಕೈಬರಹವಾದ್ದರಿಂದ ಅದನ್ನು ಮೊದಲು ಓದಲು ಕಲಿಯುವುದು. ಅನಂತರ ತಿಳಿಯಲು ಕಲಿಯುವುದು. ನರಕೋಶವೆಂದರೇನು, ಒಂದು ಇನ್ನೊಂದಕ್ಕೆ ಸುದ್ದಿ ಹೇಗೆ ಮುಟ್ಟಿಸುತ್ತದೆ ಎಂಬಲ್ಲಿಂದ ಅವರು ಆರಂಭಿಸಬೇಕಾಯಿತು. “ಚಿತ್ರದಾಗ ನೋಡಿದ್ರ ಎಲ್ಲಾ ಹೂಕೋಸಿನಂಗ ಕಾಣ್ತದ ಡಾಕ್ಟರ, ಖರೇದ್ದು ತೋರಸ್ರಿ” ಎಂದು ಒಂದು ದಿನ ಹಟ ಹಿಡಿದರು.

ಖರೇದ್ದನ್ನು ಮಾಂಸದಂಗಡಿಯ ಫಕೀರಸಾಬರು ಅಲ್ಯುಮಿನಿಯಮ್ಮಿನ ಜರ್ಮನ್ ಬಟ್ಟಲಲ್ಲಿ, ಮೇಲೆ ಬಾಳೆಲೆ ಮುಚ್ಚಿ, ಹಿತ್ತಲ ಬಾಗಿಲಿನಿಂದ ತಂದರು. ಒಳಗೆ ಮಡಿ ಸೀರೆಯ ಬಾಯಾರನ್ನು ಕಂಡು ಬಾಗಿಲಲ್ಲೇ ನಿಂತರು.

“ಡಾಕ್ಟರ, ಕುರಿ ಭೇಜಾ ತಂದೀನ್ರಿ. ಬಾಯಾರು ಅದಾರ, ಆಮ್ಯಾಲ ಬರ್ಲೇನ್ರಿ?”

“ತಗೀರಿ ಫಕೀರಸಾಬರ, ಅದನ್ನ ನೋಡಲಿಕ್ಕೇ ಬಂದೀನಿ.”

“ಯಪ್ಪಾ! ನಮ್ಮಪ್ಪನ ಕಾಲದಿಂದ ಭೇಜಾ ಮಾರಾಕ ಹತ್ತೀವ್ರಿ, ಓದಾಕ ತಗೊಂಡಾವ್ರು ನೀವ ಮೊದಲು.”

“ಊರಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ” ಎಂದರು ಡಾಕ್ಟರು.

“ಹೇಳಿದ್ರ ನಂಬಾವ್ರು ಯಾರ್ರಿ?”

ಸುರುಳಿ ಸುರುಳಿಯಾದ ದೊಡ್ಡ ಮಿದುಳು, ಅದರ ಹಿಂದೆ, ಕೆಳಗೆ, ಸಣ್ಣ ಸಣ್ಣ ಗೆರೆಗಳ ಕಿರುಮಿದುಳು. ಬಾಯಾರು ಮೂಗಿಗೆ ಸೆರಗು ಹಿಡಿದು ಎಲ್ಲವನ್ನೂ ನೋಡಿದರು, ಕೆಲವನ್ನು ಎರಡು ಸಲ ನೋಡಿದರು. ಆಮೇಲೆ ಡಾಕ್ಟರರ ಮನೆಯ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಂಡು ಬಸ್ಸು ಹತ್ತಿದರು. ಜ್ಞಾನಕ್ಕೂ ಮಡಿಗೂ ಅವರ ಬಾಳಿನಲ್ಲಿ ಎಂದೂ ಜಗಳವಾಗಲಿಲ್ಲ. ನಡುವೆ ಒಂದು ಸ್ನಾನವಿರುತ್ತಿತ್ತು.

ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳನ್ನು ಪರೀಕ್ಷಿಸಿ ಪ್ರಕಟಿಸಿದ ಲೇಖನವೊಂದು ಅವರ ಕೈಸೇರಿದ್ದು ಹೀಗೆ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ ಇನ್ನೊಬ್ಬರಿಗೂ ಇರುವುದು ಕೆಲವು ಜೋಡಿಗಳಲ್ಲಿ ಕಂಡಿತ್ತು. ಬೇರೆ ಬೇರೆ ರೂಪದ ಅವಳಿಗಳ ಒಂದು ಜೋಡಿಯಲ್ಲೂ ಕಂಡಿರಲಿಲ್ಲ. ಅವಳಿಗಳಿಬ್ಬರೂ ಬೆಳೆಯುವುದು ಒಂದೇ ಉಡಿಯಲ್ಲಿ. ಉಡಿಯೇ ಕಾರಣವಾದರೆ ಈ ವ್ಯತ್ಯಾಸವೇಕೆ? ಬಾಯಾರು ಕಾಗದ ಕೆಳಗಿಟ್ಟರು. “ಡಾಕ್ಟರ, ಇದನ್ನ ನಮ್ಮ ತಾರಾ ಆವತ್ತ ಕೇಳಿದ್ಲು. ನಾನು ಪುಠಾಣಿ ತಿನ್ಲಿಕತ್ತಿದ್ದೆ.”

ಎಂಬತ್ತರ ಶ್ರಾವಣದಲ್ಲಿ ಅವರು ಲಕ್ಷ್ಮೇಶ್ವರಕ್ಕೆ ಬಂದು, ಆರು ವರ್ಷದ ಹಿಂದಿನ ಕೇಳುಗರ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದರು. ಒಬ್ಬರು ತೀರಿಕೊಂಡಿದ್ದರು, ಅವರ ಸೊಸೆಯನ್ನು ಕರೆದರು. ಅದೇ ಮಂಡಳಿಯ ಕೋಣೆ, ಅದೇ ಕಂಬದ ಬುಡ. ಪದ್ಮಾಬಾಯಿ ಎದುರಿಗೆ, ತಾರಾಬಾಯಿ ಅವರ ಹಿಂದೆ.

“ಇದ ಜಾಗಾದಾಗ ಕೂತು, ಮಗು ಮಾತಾಡದಿದ್ರ ತಾಯಿ ಉಡಿ ತಣ್ಣಗಿದ್ದದ್ದು ಕಾರಣ ಅಂತ ಅರ್ಥ ಹೇಳಿದ್ದೆ. ಆ ಅರ್ಥ ತಪ್ಪು. ಮೊದಲಿಂದ ಓದ್ತೀನಿ.”

“ಮಂಗಳ ಆಗಿಹೋಗ್ಯದ ವಿಮಲಾಬಾಯಿ” ಎಂದರು ಪದ್ಮಾಬಾಯಿ. “ಮುಚ್ಚಿದ ಪುರಾಣ ತೆರದವರನ್ನ ನಾ ಕಂಡಿಲ್ಲ.”

“ಸೊರಟೂರಾಗ ನಮ್ಮಪ್ಪ ತೆರದಿದ್ರು, ಒಮ್ಮೆ. ಮೂರು ದಿನ ಅವರಿಗೆ ಊಟ ಸೇರಿದ್ದಿಲ್ಲ. ನನಗ ಆರು ವರ್ಷ ಸೇರಿಲ್ಲ ಅಂದ್ರ ಸುಳ್ಳಾಗ್ತದ. ಅರ್ಧ ಕಾಲ ನನಗ ತಪ್ಪು ಅಂತ ಗೊತ್ತ ಇದ್ದಿಲ್ಲ, ಹೊಟ್ಟಿ ತುಂಬ ಉಂಡೀನಿ.”

ಡಾಕ್ಟರು ಓದಿದರು, ಬಾಯಾರು ಅರ್ಥ ಹೇಳಿದರು. ಈ ಸಲ ಬಾಗಿಲು ಬರಲಿಲ್ಲ, ಅಗುಳಿ ಬರಲಿಲ್ಲ. ಅವಳಿ ಮಕ್ಕಳು ಬಂದರು, ನರಕೋಶ ಬಂತು, ಹೆಸರಿಲ್ಲದ ಒಂದು ಕುರಿ ಬಂತು. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ.

“ಹಂಗಾರ ತಪ್ಪು ಯಾರದು?” ಎಂದರು ಪದ್ಮಾಬಾಯಿ.

“ಯಾರದೂ ಅಲ್ಲ.”

“ಪಾಪ ಮಾಡಿದವರ ಇಲ್ಲದ ಪುರಾಣ ಎಂಥಾದ್ದವಾ ಇದು?”

ಬಾಗಿಲ ಬಳಿ ಕುಳಿತಿದ್ದ, ಮಂಡಳಿಯ ಕಸ ಹೊಡೆಯುವ ಮಾಳವ್ವ ನಕ್ಕಳು. “ಇದ ಚಲೋ ಐತಿ ಬಿಡ್ರೀ ಅವ್ವಾರ, ಯಾರೂ ನರಕಕ್ಕ ಹೋಗಂಗಿಲ್ಲ.”

“ಮತ್ತ ಕಾರಣ ಏನು?” ಎಂದರು ಪದ್ಮಾಬಾಯಿ.

“ಮಿದುಳು ಕಟ್ಟೂ ರೀತಿಯೊಳಗ ಏನೋ ಬ್ಯಾರೆ ಅದ. ಏನು ಅನ್ನೂದು ಇನ್ನೂ ಹುಡುಕಲಿಕ್ಕೆ ಹತ್ಯಾರ.”

“ಸಿಕ್ಕ ಮ್ಯಾಲ ಕರೀಬೇಕಿತ್ತಿಲ್ಲೋ ನಮ್ಮನ್ನ?”

ಈ ಮಾತಿಗೆ ಎಲ್ಲರೂ ನಕ್ಕರು. ಹಿಂದಿದ್ದ ತಾರಾಬಾಯಿ ನಗಲಿಲ್ಲ. ಆರತಿಯ ತಟ್ಟೆ ಸಿದ್ಧವಾಗಿತ್ತು, ಯಾರೋ ಬತ್ತಿ ಹಚ್ಚಿದ್ದರು. ಬಾಯಾರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಕಾರಣ ಸಿಗೂ ತನಕ ಮಂಗಳ ಇಲ್ಲ. ಬರೂ ಹುಣ್ಣಿವಿ ರವಿವಾರ ಮತ್ತ ಓದ್ತೀನಿ.”

ಪದ್ಮಾಬಾಯಿ ಬಹಳ ಹೊತ್ತು ಉರಿಯುವ ಬತ್ತಿ ನೋಡಿದರು. ಸೋತೆನೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಎದುರಿಗೆ ಕುಳಿತವರೂ ಹೇಳಿಸುವ ಅವಸರದಲ್ಲಿರಲಿಲ್ಲ. ಕೊನೆಗೆ ಅವರು, ಯಾರಿಗೂ ಹೇಳದವರಂತೆ, ಹೇಳಿದರು: “ಪುರಾಣ ನಡದಾಗ ಮನಿ ಮಗ ಊರ ಬಿಟ್ಟು ಇರಬಾರದು. ಮುಗಿಯೂ ತನಕ ಅವ ಇಲ್ಲೇ ತಾಯಿ ಹತ್ತರ ಇರಲಿ. ಮಂಗಳ ಆದ ಮ್ಯಾಲ ಏನು ಮಾಡೂದು ನೋಡೂಣ.”

ತಾರಾಬಾಯಿ ಬಾಯಾರ ಮುಖ ನೋಡಿದರು. ಬಾಯಾರು ಬತ್ತಿ ಆರಿಸಿದರು.

ಅಂದು ಹಚ್ಚಿದ ಪುರಾಣ ಇಂದಿಗೂ ಮುಗಿದಿಲ್ಲ. ಮರುವರ್ಷ ಬೆಟಗೇರಿಗೆ ವರ್ಗವಾದಾಗಲೂ, ಮೊಣಕಾಲು ನೋವು ಹತ್ತಿಕೊಂಡಾಗಲೂ, ಹುಣ್ಣಿಮೆಯ ಹತ್ತಿರದ ರವಿವಾರ ಬಾಯಾರು ಲಕ್ಷ್ಮೇಶ್ವರದ ಬಸ್ಸಿನಲ್ಲಿರುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದನ್ನು ಅವರು ಒಂದು ಕಲೆಯಾಗಿ ಬೆಳೆಸಿದರು. ಜಾಗಟೆಯ ವಿಷಯವಾಗಿ ಪದ್ಮಾಬಾಯಿಯೇ ಒಮ್ಮೆ ಕೇಳಿದರು. ಇಂಥ ಮಕ್ಕಳ ಮಿದುಳು ಎಲ್ಲ ಸಪ್ಪಳವನ್ನೂ ಸೋಸದೆ ಒಳಗೆ ಬಿಟ್ಟುಕೊಳ್ಳುತ್ತಿರಬಹುದೆಂದು ಕೆಲವರ ಊಹೆ, ಬರೀ ಊಹೆ, ಎಂದು ಬಾಯಾರು ವಿವರಿಸಿದರು. “ಅದಕ್ಕ ಪುಸ್ತಕದಾಗ ಏನು ಪರಿಹಾರ ಬರದಾರ?” “ಬರದಿಲ್ಲ. ಜಾಗಟಿ ಸಾವಕಾಶ ಬಾರಸ್ರಿ.” ಮರುದಿನದಿಂದ ನಾರಾಯಣ ದೇವರ ಜಾಗಟೆಯ ಕೊಡತಿಗೆ ಪದ್ಮಾಬಾಯಿಯವರ ಹಳೆಯ ಇರಕಲ್ ಸೀರೆಯ ತುಂಡು ಸುತ್ತಲಾಯಿತು. ದೇವರು ಈವರೆಗೆ ತಕರಾರು ಎತ್ತಿಲ್ಲ.

ಹೋದ ವರ್ಷ ಇನ್ನೊಂದು ಲೇಖನ ಬಂತು. ಅಮೆರಿಕದ ಬಾಸ್ಟನ್ನಿನಲ್ಲಿ, ಆಟಿಸಂ ಇದ್ದು ತೀರಿಕೊಂಡ ಒಬ್ಬ ಯುವಕನ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಿರುಮಿದುಳಿನ ಕೆಲವು ದೊಡ್ಡ ಕೋಶಗಳು ಕಡಿಮೆ ಇರುವುದನ್ನೂ, ಅದು ಹುಟ್ಟುವ ಮೊದಲೇ ಆಗಿರಬಹುದೆಂಬುದನ್ನೂ ಬರೆದಿದ್ದರು. ತಾರಾಬಾಯಿ ಎರಡು ಸಲ ಓದಿಸಿದರು. ಇನ್ನೇನು ಕಾರಣ ಸಿಕ್ಕಿತು ಎಂದು ಕೋಣೆಯೆಲ್ಲ ನೆಟ್ಟಗೆ ಕುಳಿತಿತು.

“ಒಂದ ಮಿದುಳು ನೋಡ್ಯಾರ” ಎಂದರು ಬಾಯಾರು.

“ಒಂದು ಅಗಳು ಹಿಸುಕಿದ್ರ ಅನ್ನ ಬೆಂದದ್ದು ತಿಳೀತದ” ಎಂದರು ಒಬ್ಬರು.

“ಗಡಿಗಿ ಒಂದ ಇದ್ದಾಗ. ಇಲ್ಲಿ ಒಂದೊಂದು ತಲೀನೂ ಒಂದೊಂದು ಗಡಿಗಿ.”

“ಅಂದ್ರ ಮುಗೀಲಿಲ್ಲ” ಎಂದರು ಪದ್ಮಾಬಾಯಿ, ಬೇಸರದ ದನಿಯಲ್ಲಿ. ಆದರೆ ಹೇಳಿದ್ದು ಎಲ್ಲರಿಗಿಂತ ಮೊದಲು.

ಶ್ರೀಪಾದನಿಗೆ ಈಗ ಹದಿನೆಂಟು. ಮಾತು ಕಡಿಮೆ, ಬೇಕಾದಷ್ಟಕ್ಕೆ ಸಾಲುತ್ತದೆ. ಹುಲಗಪ್ಪನವರ ಗಿರಣಿಯಲ್ಲಿ ಬೀಸಲು ಬಂದ ಡಬ್ಬಿಗಳನ್ನು ಬಂದ ಸರತಿಯಲ್ಲೇ ಇಡುವುದು ಅವನ ಕೆಲಸ. ಅವನಿರುವಾಗ ಸರತಿ ತಪ್ಪಿಸುವ ಧೈರ್ಯ ಯಾವ ಸಾಹೇಬರ ಮನೆಯ ಆಳಿಗೂ ಇಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ, ದೇವರ ಮುಂದೆ ಬತ್ತಿ ಹೊಸೆಯುತ್ತ ಕುಳಿತಿದ್ದ ಪದ್ಮಾಬಾಯಿಯವರ ಕಡೆಗೆ ಅವನು ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು, ಅಜ್ಜಿಗೆ ಬೆನ್ನು ಆನಿಸಿ ಕುಳಿತ. ಎಣ್ಣೆಯ ಬಟ್ಟಲು ಉರುಳಿ ಸೀರೆಯೆಲ್ಲ ನೆನೆಯಿತು. ಸೊಸೆ ಬಂದು ನೋಡಿದರೂ ಅಜ್ಜಿ ಅಲುಗಲಿಲ್ಲ. “ಮಾತಾಡಬ್ಯಾಡ” ಎಂದು ಕಣ್ಣಿನಲ್ಲೇ ಹೇಳಿದರಂತೆ.

ಬೆಟಗೇರಿಯ ಶಾಲೆಯಲ್ಲಿ, ಬೇಸಿಗೆ ಸೂಟಿಗೆ ಮುನ್ನ, ಬಾಯಾರಿಗೆ ಬೀಳ್ಕೊಡುಗೆ ಏರ್ಪಾಡಾಗಿತ್ತು. ಲಕ್ಷ್ಮೇಶ್ವರದ ಹೆಣ್ಣುಮಕ್ಕಳು, ಜೊತೆಗೆ ಶ್ರೀಪಾದ, ಬಸ್ಸಿನ ಅರ್ಧ ಸೀಟು ಹಿಡಿದು ಬಂದಿದ್ದರು. ಹಾರ, ಶಾಲು, ಭಾಷಣಗಳಾದವು. ಕಡೆಯಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯರು ಆರತಿ ತಟ್ಟೆ ಹಿಡಿದು ಮಂಗಳ ಹಾಡಲು ಎದ್ದರು. ಮೊದಲ ಸಾಲಿನಲ್ಲಿ ಎಂಬತ್ತರ ಸಮೀಪದ ಪದ್ಮಾಬಾಯಿ ಕೋಲೂರಿ ಎದ್ದು ನಿಂತರು.

“ಏ ಹುಡುಗ್ಯಾರ, ಕೂಡ್ರಿ! ಮಂಗಳ ಗಿಂಗಳ ಏನೂ ಹಾಡಬ್ಯಾಡ್ರಿ. ಈಕಿ ಪುರಾಣ ಇನ್ನೂ ಮುಗಿದಿಲ್ಲ.”

ಮುಖ್ಯೋಪಾಧ್ಯಾಯಿನಿಯವರು ಏನೂ ತಿಳಿಯದೆ ಜನಗಣಮನ ಹಾಡಿಸಿದರು. ಎಲ್ಲರೂ ಎದ್ದು ನಿಂತಾಗ ಪದ್ಮಾಬಾಯಿಯವರು ಸೊಸೆಯ ಹೆಗಲು ಹಿಡಿದಿದ್ದರು. ಶ್ರೀಪಾದ ತಾಯಿಗೆ ಬೆನ್ನು ಆನಿಸಿ ನಿಂತಿದ್ದ.

ಇಂಥ ಲೇಖನಗಳನ್ನು ಮಂಗಳದ ಮಾತಿನಿಂದ ಮುಗಿಸುವುದು ವಾಡಿಕೆ. ಪದ್ಮಾಬಾಯಿಯವರು ಈ ಗ್ರಂಥವನ್ನು ಓದಿಸಿ ಕೇಳುವವರಿದ್ದುದರಿಂದ ಆ ಸಾಹಸ ಬೇಡ. ಬಾಯಾರ ಕಣ್ಣು, ಕಂಠ, ಮೊಣಕಾಲುಗಳನ್ನು ಭಗವಂತನು ಬಹುಕಾಲ ಕಾಯಲಿ. ರವಿವಾರದ ಬಸ್ಸು ಅವರಿಗೆ ಕಿಟಕಿಯ ಸೀಟು ಕೊಡಲಿ. ಮಿದುಳಿನ ಶಾಸ್ತ್ರವು ದಿನದಿನಕ್ಕೆ ಬೆಳೆಯಲಿ, ಆದರೆ ದಯವಿಟ್ಟು ಜಲ್ದಿ ಮುಗಿಯದಿರಲಿ.